ಹುದ್ದೆ ಸಮೇತ ಸ್ಥಳಾಂತರ

ನಮ್ಮ ಪ್ರಯೋಗಾಲಯವನ್ನು ಮುಚ್ಚುವ ಆದೇಶ ಬಂದಾಗ ನಾವು ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಕಾಗದ ಆಮೇಲೆ ಬಂತು. ಮೊದಲು ಬಂದದ್ದು ಫೋನಿಗೆ. ಬೆಂಗಳೂರಿನ ಕೇಂದ್ರ ಕಚೇರಿಯಲ್ಲಿ ಯಾರೋ ಓರೆಯಾಗಿ ತೆಗೆದ ಫೋಟೊವನ್ನು ಇನ್ಯಾರೋ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ವೆಚ್ಚ ಕಡಿತ, ಆಡಳಿತಾತ್ಮಕ ಹಿತದೃಷ್ಟಿ ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ದಾವಣಗೆರೆಯ ನೀರು ಪರೀಕ್ಷೆಯ ಘಟಕವನ್ನು ಕಲಬುರಗಿಯ ಘಟಕದೊಂದಿಗೆ ವಿಲೀನಗೊಳಿಸಲಾಗಿದೆ, ಖಾಲಿ ಹುದ್ದೆಗಳನ್ನು ರದ್ದುಪಡಿಸಲಾಗಿದೆ, ಕಾಯಂ ಸಿಬ್ಬಂದಿಯನ್ನು ಹುದ್ದೆ ಸಮೇತ ಸ್ಥಳಾಂತರಿಸಲಾಗಿದೆ. ಕೆಳಗೆ ನಮ್ಮ ಹೆಸರುಗಳು. ಅದರ ಕೆಳಗೆ ಲಾರಿಗೆ ಹಾಕಬೇಕಾದ ಯಂತ್ರಗಳ ಹೆಸರುಗಳು.

ನನ್ನ ಪಕ್ಕ ಕೂತಿದ್ದವಳು ಫೋನು ಇಸಿದುಕೊಂಡು ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು.

"ಕುರ್ಚಿ, ಕಪಾಟು ಎಲ್ಲಾ ಬರ್ದಾರೆ. ಇದ್ರಾಗ ನಾನು ಎಲ್ಲಿ ಅದೀನಿ ಅಕ್ಕ?" ಎಂದಳು.

ಅವಳು ಎಲ್ಲೂ ಇರಲಿಲ್ಲ. ಅವಳು ಏಜೆನ್ಸಿಯ ಮೂಲಕ ಬಂದ ಹೊರಗುತ್ತಿಗೆಯವಳು. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದಳಾದ್ದರಿಂದ ಕಚೇರಿಯಲ್ಲಿ ಎಲ್ಲರೂ ಅವಳನ್ನು ಹರಿಹರದಾಕೆ ಎಂದೇ ಕರೆಯುತ್ತಿದ್ದರು. ಗಂಡ ಆಟೋಗಳಿಗೆ ಸೀಟು, ಹುಡ್ಡು ಹೊಲಿಯುತ್ತಿದ್ದ. ನಾನು ಪ್ರಯೋಗಾಲಯ ತಂತ್ರಜ್ಞೆ, ಅವಳು ಸಹಾಯಕಿ. ಅವಳು ಕೆಲಸಕ್ಕೆ ಸೇರಿದಾಗ ನನ್ನ ಮಗಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಆದೇಶ ಬಂದಾಗ ಮಗಳು ಎರಡನೇ ಪಿಯುಸಿ. ಅಷ್ಟು ವರ್ಷ ನಾವಿಬ್ಬರೂ ಒಂದೇ ಕಲ್ಲಿನ ಕಟ್ಟೆಯ ಮುಂದೆ ನಿಂತು ಕೆಲಸ ಮಾಡಿದ್ದೆವು. ಊರೂರಿನ ಬೋರ್‌ವೆಲ್ ನೀರು, ನಲ್ಲಿ ನೀರು, ಹರಿಹರದ ಸೇತುವೆ ಕೆಳಗಿನ ಹೊಳೆ ನೀರು ನಮ್ಮಲ್ಲಿಗೆ ಬರುತ್ತಿತ್ತು. ಯಾವುದರಲ್ಲಿ ಫ್ಲೋರೈಡ್ ಇದೆ, ಯಾವುದನ್ನು ಮಕ್ಕಳಿಗೆ ಕುಡಿಸಬಾರದು ಎಂದು ಪರೀಕ್ಷೆ ಮಾಡಿ ಹೇಳುವುದು ನಮ್ಮ ಕೆಲಸ. ದೊಡ್ಡ ಕೆಲಸವೆಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ. ಆದರೆ ನಾವು ಬೇಡ ಎಂದು ಬರೆದ ಬೋರ್‌ವೆಲ್ಲಿಗೆ ಕೆಂಪು ಬಣ್ಣ ಬೀಳುತ್ತಿತ್ತು.

ನನ್ನ ಅಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ನೂಲು ತೆಗೆಯುವ ಖಾತೆಯಲ್ಲಿ ಕೆಲಸಕ್ಕಿದ್ದರು. ಮಿಲ್ಲು ಮುಚ್ಚಿದ ಮೇಲೂ ಬಹಳ ದಿನ ಬೆಳಿಗ್ಗೆ ಎದ್ದು ಅದರ ಗೇಟಿನ ತನಕ ನಡೆದು ಬರುತ್ತಿದ್ದರು. ನಾನು ಓದುವಾಗ ಒಂದೇ ಮಾತು ಹೇಳುತ್ತಿದ್ದರು: "ಸರ್ಕಾರಿ ಕೆಲ್ಸ ಹಿಡಿಯವ್ವ. ಅದಕ್ಕೆ ಯಾರೂ ಬೀಗ ಹಾಕಾಕ ಬರಲ್ಲ." ನನಗೆ ನೇಮಕವಾದ ದಿನ ಓಣಿಯ ತುಂಬ ಪೇಡೆ ಹಂಚಿದರು. ಆದೇಶ ನೋಡುವ ಹೊತ್ತಿಗೆ ಅವರಿರಲಿಲ್ಲ. ಒಳ್ಳೆಯದೇ ಆಯಿತು ಎಂದು ಅವತ್ತು ನನಗನ್ನಿಸಿತು. ಸತ್ತ ತಂದೆಯ ಬಗ್ಗೆ ಮಗಳಿಗೆ ಹಾಗೆ ಅನ್ನಿಸುವಂತೆ ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುದಿನವೇ ನೌಕರರ ಸಂಘದವರು ಸೇರಿದರು. ನಮ್ಮ ಸಂಘದ ಅಧ್ಯಕ್ಷರು ನಮ್ಮ ಕಚೇರಿಯ ಸೂಪರಿಂಟೆಂಡೆಂಟೇ. ಮಾತುಗಾರ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಶಾಮಿಯಾನ ಹಾಕಿಸಿದರು, ಮೈಕು ತರಿಸಿದರು. "ಈ ಊರಿಂದ ಒಂದೊಂದೇ ಕಚೇರಿ ಕಿತ್ಕಂಡು ಹೋಗ್ತಾ ಅದಾರೆ. ನಾಳೆ ಇಲ್ಲಿ ಉಳಿಯಾದು ಏನ್ರಿ? ಬರೀ ಬೋರ್ಡು! ನಮ್ಮ ಒಂದು ಯಂತ್ರ ಈ ಊರು ದಾಟಬೇಕು ಅಂದ್ರೆ ನನ್ನ ಮೈ ಮೇಲೆ ಲಾರಿ ಹತ್ತಬೇಕು," ಎಂದು ಗುಡುಗಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹರಿಹರದಾಕೆ ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದಳು. ಅವಳ ಗಂಟಲು ಕಟ್ಟಿಹೋಗಿ, ಸಂಜೆ ಬಸ್ಸು ಹತ್ತುವಾಗ ಮಾತೇ ಹೊರಡುತ್ತಿರಲಿಲ್ಲ. ನಮ್ಮ ಬೇಡಿಕೆಯ ಮನವಿಯಲ್ಲಿ ಹೊರಗುತ್ತಿಗೆಯವರದ್ದೂ ಒಂದು ಸಾಲು ಸೇರಿಸಿ ಎಂದು ನಾನು ಕೇಳಿದೆ. "ಮೊದ್ಲು ಕಾಯಂನವ್ರದ್ದು ಆಗ್ಲಿ ಮೇಡಂ. ಎಲ್ಲಾ ಒಟ್ಟಿಗೆ ಕೇಳಿದ್ರೆ ಯಾವ್ದೂ ಆಗಲ್ಲ," ಎಂದರು ಅಧ್ಯಕ್ಷರು.

ಅವರು ಮಂತ್ರಿಗಳನ್ನು ಕಾಣಲು ಬೆಂಗಳೂರಿಗೆ ಹೋದರು. ನಾವು ಶಾಮಿಯಾನದ ಕೆಳಗೆ ಮಂಡಕ್ಕಿ ತಿನ್ನುತ್ತ ಕಾದೆವು. ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋದರು. ಹಾದು ಹೋಗುವ ಜನ ನಿಂತು ನೋಡುತ್ತಿದ್ದರು. ಒಬ್ಬ ಬೈಕಿನವನು, "ಸಂಬಳ ಸಾಲಲ್ವಂತಾ ಇವ್ರಿಗೆ?" ಎಂದು ಹಿಂದೆ ಕೂತವನನ್ನು ಕೇಳಿ ಮುಂದೆ ಹೋದ. ನಾವು ಯಾಕೆ ಕೂತಿದ್ದೇವೆ ಎಂದು ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವನು ಓದಲಿಲ್ಲ.

ಅಧ್ಯಕ್ಷರು ವಾಪಸು ಬಂದ ದಿನ ಶಾಮಿಯಾನಕ್ಕೆ ಬರಲಿಲ್ಲ. ಸೀದಾ ಕಚೇರಿಗೆ ಹೋಗಿ ತಮ್ಮ ಮೇಜು ಖಾಲಿ ಮಾಡುತ್ತಿದ್ದರು. ಅವರಿಗೆ ದಾವಣಗೆರೆಯಲ್ಲೇ ಬೇರೆ ಇಲಾಖೆಗೆ ನಿಯೋಜನೆ ಸಿಕ್ಕಿತ್ತು. ಕೇಳಿದ್ದಕ್ಕೆ ತಲೆ ಎತ್ತದೆಯೇ ಹೇಳಿದರು:

"ನಾನೂ ಕಲಬುರಗಿಗೆ ಹೋಗಿ ಕೂತ್ರೆ ನಿಮ್ಮ ಫೈಲು ಓಡಿಸೋರು ಯಾರ್ರಿ? ಇಲ್ಲೊಬ್ಬ ಇರಬೇಕಲ್ಲ?"

"ಸಾರ್, ಲಾರಿ ನಿಮ್ಮ ಮೈ ಮೇಲೆ ಹತ್ತಬೇಕು ಅಂದಿದ್ರಿ."

"ಮೈಕ್ ಮುಂದೆ ಎಲ್ಲಾರೂ ಅಂತಾರೆ ಮೇಡಂ. ನೀವೂ ನಿಮ್ಮದು ನೋಡ್ಕಳ್ರಿ. ನಿಮ್ಮ ಮನೆಯವ್ರು ಸರ್ಕಾರಿ ಕೆಲಸದಾಗ ಇದ್ದಿದ್ರೆ ಪತಿ-ಪತ್ನಿ ಪ್ರಕರಣ ಅಂತ ನಾನೇ ಮಾಡಿಸಿಕೊಡ್ತಿದ್ದೆ."

ನನ್ನ ಗಂಡ ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಸರ್ಕಾರದ ನಿಯಮದ ಪ್ರಕಾರ ಗಂಡ ಹೆಂಡತಿ ಒಂದೇ ಊರಲ್ಲಿರಬೇಕಾದರೆ ಇಬ್ಬರೂ ಸರ್ಕಾರದವರಾಗಿರಬೇಕು. ಖಾಸಗಿ ಕಾರ್ಖಾನೆಯವನ ಹೆಂಡತಿ ಗಂಡನ ಜೊತೆ ಇರುವುದು ಸಾರ್ವಜನಿಕ ಹಿತದೃಷ್ಟಿಯಲ್ಲಿ ಅಗತ್ಯವಿಲ್ಲ.

ಶಾಮಿಯಾನದವನು ಬಂದು ಗಳ ಬಿಚ್ಚಿಕೊಂಡು ಹೋದ. ಆಮೇಲೆ ಎಲ್ಲರೂ ಒಬ್ಬೊಬ್ಬರೇ ತಮ್ಮ ತಮ್ಮ ದಾರಿ ಹುಡುಕಿದರು. ಒಬ್ಬರು ವೈದ್ಯಕೀಯ ಪ್ರಮಾಣಪತ್ರ ತಂದರು, ಒಬ್ಬರಿಗೆ ಶಾಸಕರ ಕಡೆಯವರ ಪರಿಚಯವಿತ್ತು. ಒಟ್ಟಿಗೆ ಊಟ ಮಾಡುತ್ತಿದ್ದವರು ಫೋನು ಬಂದರೆ ಎದ್ದು ಹೊರಗೆ ಹೋಗಿ ಪಿಸುಗುಟ್ಟತೊಡಗಿದರು. ಎಲ್ಲೂ ಯಾರ ಗುರುತೂ ಇಲ್ಲದ ನಾನು ಮತ್ತು ಇನ್ನಿಬ್ಬರು ಮಾತ್ರ ಉಳಿದೆವು.

ಬೀಳ್ಕೊಡುಗೆ ಸಮಾರಂಭವನ್ನು ಕಚೇರಿಯ ಸಭಾಂಗಣದಲ್ಲೇ ಇಟ್ಟರು. ಯಂತ್ರಗಳು ಆಗಲೇ ಪೆಟ್ಟಿಗೆ ಸೇರಿದ್ದವು. ಅವುಗಳನ್ನು ಹುಲ್ಲು, ಥರ್ಮಾಕೋಲು ಇಟ್ಟು ಜೋಪಾನವಾಗಿ ಕಟ್ಟಿದವಳು ಹರಿಹರದಾಕೆಯೇ. ಕಾರ್ಯಕ್ರಮದ ನಿರೂಪಣೆಗೆ ನಿಂತವರು ಅಧ್ಯಕ್ಷರು! ಹೊಸ ಕಚೇರಿಯಿಂದ ಪರ್ಮಿಶನ್ ಹಾಕಿ ಬಂದಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಇದ್ದ ತಟ್ಟೆಯನ್ನು ಅವಳ ಕೈಗೆ ಕೊಟ್ಟು, "ನಾನು ಹೆಸರು ಕರೆದಂಗೆ ಒಂದೊಂದೇ ಸಾಹೇಬ್ರ ಕೈಗೆ ಕೊಡಮ್ಮ," ಎಂದರು.

ಅವಳು ತಟ್ಟೆ ಹಿಡಿದು ವೇದಿಕೆಯ ಮೇಲೆ, ಶಾಲು ಹೊದಿಸಲು ನಿಂತಿದ್ದ ನಮ್ಮ ಮೇಲಧಿಕಾರಿಯ ಪಕ್ಕ ನಿಂತಳು. ಮೊದಲನೆಯವರ ಹೆಸರು ಕರೆದರು, ಅವಳು ಶಾಲು ಕೊಟ್ಟಳು. ಎರಡನೆಯವರಿಗೂ ಕೊಟ್ಟಳು. ಮೂರನೆಯ ಹೆಸರು ನನ್ನದು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೆಳಗಿಳಿದು, ಮುಂದಿನ ಸಾಲಿನಲ್ಲಿ ಅಧಿಕಾರಿಗಳಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ಏನಮ್ಮ, ಆರಾಮಿಲ್ಲೇನು?" ಅಧ್ಯಕ್ಷರು ಮೈಕಿನಲ್ಲೇ ಕೇಳಿದರು.

"ಆರಾಮಾಗೇ ಅದೀನಿ ಸಾರ್. ನಂದೂ ಇವತ್ತೇ ಕಡೇ ದಿನ. ನನ್ನ ಹೆಸರೂ ಕರೀರಿ, ಬರ್ತೀನಿ."

ಸಾಹೇಬರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಮೈಕನ್ನು ಕೈಯಿಂದ ಮುಚ್ಚಿ, "ಶಾಲು ಎಣಿಸಿ ತರಿಸಿದ್ವಿ ಸಾರ್," ಎಂದದ್ದು ಹಿಂದಿನ ಸಾಲಿಗೂ ಕೇಳಿಸಿತು. ನನಗೆ ಏನು ತೋಚಿತೋ, ತಟ್ಟೆಯಲ್ಲಿದ್ದ ನನ್ನ ಶಾಲನ್ನು ಎತ್ತಿಕೊಂಡು ಹೋಗಿ ಅವಳಿಗೆ ಹೊದಿಸಲು ಬಗ್ಗಿದೆ. ಅವಳು ನನ್ನ ಕೈ ಹಿಡಿದಳು.

"ನಿಂದು ಬ್ಯಾಡಕ್ಕ. ನಂದು ಅಂತ ತಂದಿದ್ರೆ ಬೇಕಿತ್ತು."

ಆಮೇಲೆ ಭಾಷಣಗಳಾದವು. ಅವಳು ಏಳಲಿಲ್ಲ. ಉಪಾಹಾರದ ತಟ್ಟೆ ಬಂದಾಗ ಲಾಡು, ಖಾರಾ, ಬಾಳೆಹಣ್ಣು ಎಲ್ಲವನ್ನೂ ನಿಧಾನವಾಗಿ ತಿಂದಳು. ಬೇರೆ ದಿನ ಎಲ್ಲರ ಎಂಜಲು ತಟ್ಟೆ ಎತ್ತುತ್ತಿದ್ದವಳು ಅವತ್ತು ತನ್ನ ತಟ್ಟೆಯನ್ನೂ ಕುರ್ಚಿಯ ಕೆಳಗೆ ಬಿಟ್ಟು, ಬ್ಯಾಗು ತೆಗೆದುಕೊಂಡು, ಯಾರಿಗೂ ಹೇಳದೆ ಹೋದಳು. ನಾನು ಗೇಟಿನ ತನಕ ಓಡಿದೆ. ಅಷ್ಟರಲ್ಲಿ ಆಟೋ ಹತ್ತಿಬಿಟ್ಟಿದ್ದಳು.

ಕಲಬುರಗಿಯಲ್ಲಿ ನನ್ನನ್ನು ಕಂಡು ಯಾರಿಗೂ ಸಂತೋಷವಾಗಲಿಲ್ಲ. ಅವರ ತಪ್ಪಲ್ಲ. ಅವರ ಕಡೆಯವರನ್ನೂ ಇನ್ನೆಲ್ಲಿಗೋ ಕಳಿಸಿದ್ದರು. ನಾವು ಬಂದು ಅವರ ಜಾಗ ತುಂಬಿದೆವು ಎಂದು ಅವರಿಗೆ ನೋವಿತ್ತು. ನಮ್ಮ ಯಂತ್ರಗಳ ಪೆಟ್ಟಿಗೆಗಳು ವರಾಂಡದಲ್ಲಿ ಬಿದ್ದಿದ್ದವು. ಇಡಲು ಜಾಗವಿಲ್ಲ, ಕರೆಂಟಿನ ಲೈನು ಹಾಕಿಸಬೇಕು, ಅದಕ್ಕೆ ಮಂಜೂರಾತಿ ಬೇಕು. ಪರೀಕ್ಷೆ ಮಾಡಲು ಬಂದ ನನ್ನನ್ನು ಟಪಾಲು ವಿಭಾಗದಲ್ಲಿ ಕೂರಿಸಿದರು. ಬಂದ ಪತ್ರಗಳಿಗೆ ಮೊಹರು ಒತ್ತುವುದು. ಬೇಸಿಗೆಯಲ್ಲಿ ಬಾಡಿಗೆ ಕೋಣೆಯ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ದಾವಣಗೆರೆಯ ಸರಸ್ವತಿ ನಗರದ ಮನೆಯಲ್ಲಿ ಗಂಡ ಬೆಳಿಗ್ಗೆ ಪಾಳಿಗೆ ಹೋಗುವ ಮೊದಲು ರೊಟ್ಟಿ ತಟ್ಟಲು ಕಲಿತರು. ಮಗಳು ಫೋನಿನಲ್ಲಿ, "ಅಪ್ಪ ಮಾಡಿದ್ದು ಚೆನ್ನಾಗೈತಮ್ಮ," ಎಂದು ಎಷ್ಟು ಸಲ ಹೇಳುತ್ತಿದ್ದಳೆಂದರೆ ಅದು ಸುಳ್ಳೆಂದು ನನಗೆ ಗೊತ್ತಾಗುತ್ತಿತ್ತು. ಅವಳ ಪರೀಕ್ಷೆಯ ಹೊತ್ತಿಗೆ ರಜೆ ಕೇಳಿದೆ. ವಿಲೀನ ಪ್ರಕ್ರಿಯೆ ನಡೆಯುತ್ತಿದೆ, ರಜೆ ಕೊಡಲಾಗದು ಎಂದರು. ವರಾಂಡದ ಪೆಟ್ಟಿಗೆಗಳನ್ನು ದಾಟಿಕೊಂಡು ನನ್ನ ಮೇಜಿಗೆ ಬಂದು ಕೂತೆ.

ಒಮ್ಮೆ ಹಬ್ಬಕ್ಕೆ ಊರಿಗೆ ಬಂದವಳು ಮಾರ್ಕೆಟ್ಟಿನಿಂದ ಬರುವಾಗ ಹಳೆಯ ಕಚೇರಿಯ ಕಡೆ ಹಾದುಬಂದೆ. ಗೇಟಿಗೆ ಸರಪಳಿ. ಅದರ ಮುಂದೆ ಬೈಕು ನಿಲ್ಲಿಸಿಕೊಂಡು ಒಬ್ಬರು ಹಿರಿಯರು ನಿಂತಿದ್ದರು. ಬೈಕಿನ ಹ್ಯಾಂಡಲಿಗೆ ಚೀಲ, ಚೀಲದಲ್ಲಿ ನೀರು ತುಂಬಿದ ಬಾಟಲಿಗಳು.

"ಇವತ್ತು ರಜಾ ಐತೇನವಾ?" ಎಂದು ಕೇಳಿದರು.

"ರಜಾ ಅಲ್ರಿ. ಮುಚ್ಚ್ಯಾರೆ. ಎಲ್ಲಿಂದ ಬಂದ್ರಿ?"

"ಕುಕ್ಕುವಾಡ. ಹೊಸಾ ಬೋರು ಹಾಕ್ಸೇವಿ. ನೀರು ಕುಡಿದ್ರೆ ಬಾಯಿ ಒಗರು ಬರ್ತೈತೆ. ಮೊದ್ಲು ಇಲ್ಲೇ ನೋಡಿ ಹೇಳ್ತಿದ್ರಲ್ಲ?"

ಹೇಳುತ್ತಿದ್ದವಳು ನಾನೇ ಎಂದು ಹೇಳಲಿಲ್ಲ. ಚಿತ್ರದುರ್ಗದಲ್ಲಿ ಕೇಳಿ ನೋಡ್ರಿ, ಇಲ್ಲದಿದ್ದರೆ ಪಂಚಾಯ್ತಿಯಿಂದ ಕಲಬುರಗಿಗೆ ಕಳಿಸಬೇಕು ಎಂದೆ.

ಅವರು ನಕ್ಕುಬಿಟ್ಟರು. "ಕಲಬುರಗಿಗಾ? ಅದು ಹೋಗಿ ಬರೋದ್ರಾಗ ನಾವು ಬೋರೇ ಕುಡ್ದು ಖಾಲಿ ಮಾಡಿರ್ತೀವಿ ಬಿಡವಾ."

ಬಾಟಲಿಗಳ ಮುಚ್ಚಳ ತೆಗೆದು ಗೇಟಿನ ಬುಡದಲ್ಲಿ ನೀರು ಚೆಲ್ಲಿದರು. ಖಾಲಿ ಬಾಟಲಿಗಳನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಕಲಬುರಗಿಗೆ ಆ ನೀರು ಬಂದಿದ್ದರೂ ಅದನ್ನು ಪರೀಕ್ಷಿಸುವ ಯಂತ್ರ ವರಾಂಡದಲ್ಲಿ ಹುಲ್ಲಿನೊಳಗೆ ಮಲಗಿತ್ತು.

ಆ ವರ್ಷದ ಕೊನೆಗೆ ನಾನು ಸ್ವಯಂ ನಿವೃತ್ತಿಗೆ ಬರೆದುಕೊಟ್ಟೆ. ರಜೆ ಕೊಡಲು ಅಷ್ಟು ಯೋಚಿಸಿದವರು ಇದಕ್ಕೆ ಬೇಗನೆ ಸಹಿ ಹಾಕಿದರು. ನನ್ನ ಹುದ್ದೆಯೂ ನನ್ನೊಂದಿಗೇ ರದ್ದಾಯಿತು. ವೆಚ್ಚ ಕಡಿತದಲ್ಲಿ ಅದೂ ಒಂದು ಸಾಧನೆ ಎಂದು ಎಲ್ಲೋ ಬರೆದುಕೊಂಡಿರುತ್ತಾರೆ.

ಊರಿಗೆ ಬಂದ ಮೇಲೆ ಹರಿಹರಕ್ಕೆ ಹೋದೆ. ಅವಳಿಗೆ ಎಷ್ಟೋ ಸಲ ಫೋನು ಮಾಡಿದ್ದೆ, ಎತ್ತಿರಲಿಲ್ಲ. ಗಂಡನ ಅಂಗಡಿ ಹುಡುಕಲು ಕಷ್ಟವಾಗಲಿಲ್ಲ, ಮುಂದೆ ಹುಡ್ಡಿಲ್ಲದ ಆಟೋ ನಿಂತಿತ್ತು. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ದಪ್ಪನೆ ರೆಕ್ಸಿನ್ ಹೊಲಿಯುತ್ತಿದ್ದಳು. ಗಂಡನಿಗೆ ಬೆನ್ನು ನೋವು ಬಂದು ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲವಂತೆ. ನನ್ನನ್ನು ಕಂಡು ಯಂತ್ರ ನಿಲ್ಲಿಸಿದಳು.

"ಬಾ ಅಕ್ಕ. ಕೂಡ್ರು," ಎಂದು ಸ್ಟೂಲು ಒರೆಸಿದಳು. ಅವಳ ಗಂಡ ಎದುರಿನ ಹೋಟೆಲಿನಿಂದ ಚಹಾ ತಂದುಕೊಟ್ಟು ಹೊರಗೆ ಹೋದ.

ಮಗಳ ವಿಷಯ ಕೇಳಿದಳು, ಹೇಳಿದೆ. ನಾನು ಕೆಲಸ ಬಿಟ್ಟು ಬಂದದ್ದನ್ನೂ ಹೇಳಿದೆ. ಅವಳು ಬೇಸರ ಮಾಡಿಕೊಳ್ಳಬಹುದು, ಸಿಟ್ಟಾಗಬಹುದು ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಹೋಗ್ಲಿ ಬಿಡು. ಮನೀಗೆ ಬಂದ್ಯಲ್ಲ," ಎಂದಳು.

"ನಾನೂ ಈಗ ನಿನ್ನಂಗೇ ಆದೆ ನೋಡು. ಇಬ್ರಿಗೂ ಒಂದೇ ಗತಿ," ಎಂದೆ. ಸಮಾಧಾನಕ್ಕೆಂದೇ ಹೇಳಿದ್ದೆ.

ಅವಳು ರೆಕ್ಸಿನ್ನಿನ ಅಂಚನ್ನು ಬೆರಳಿನಿಂದ ಒತ್ತಿ ಮಡಿಚಿದಳು.

"ಇಲ್ಲಕ್ಕ. ನೀನು ಬಿಟ್ಟು ಬಂದಿ. ನನ್ನ ಬಿಡ್ಸಿದ್ರು. ನಿನಗ ಪೆನ್ಷನ್ ಐತೆ, ನಾ ಇಷ್ಟು ವರ್ಷ ಅಲ್ಲಿ ಕೆಲ್ಸ ಮಾಡ್ದೆ ಅನ್ನಾಕ ಒಂದು ಚೀಟಿನೂ ಇಲ್ಲ. ಏಜೆನ್ಸಿಯೋರು ಫೋನೇ ಎತ್ತಲ್ಲ. ಒಂದೇ ಅನ್ನಬ್ಯಾಡ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಆದೇಶ ಬರೆದವರು ನಮ್ಮನ್ನು ಎರಡು ಜಾತಿ ಮಾಡಿ ಬರೆದಿದ್ದರು. ಮನವಿಯಲ್ಲಿ ಹೊರಗುತ್ತಿಗೆಯ ಸಾಲು ಬೇಡ ಎಂದಾಗ ಅಧ್ಯಕ್ಷರೂ ಅದನ್ನೇ ಮಾಡಿದ್ದರು. ಬಿಡಿ, ಅವರನ್ನು ಬೈದು ಏನು ಮಾಡುವುದು? ಅವರು ಈಗ ಬಡ್ತಿ ಪಡೆದು ದಾವಣಗೆರೆಯಲ್ಲೇ ಆರಾಮಾಗಿದ್ದಾರೆ. ಎದುರಿಗೆ ಸಿಕ್ಕರೆ "ಹೆಂಗದೀರಿ ಮೇಡಂ" ಎನ್ನುತ್ತಾರೆ. ನಾನೂ ಚೆನ್ನಾಗಿದ್ದೀನಿ ಎನ್ನುತ್ತೇನೆ.

ಯಾರೋ ಆಟೋದವನು ಬಂದು, "ಭಾಭಿ, ನಂದು ಆತೇನು?" ಎಂದು ಕೇಳಿದ. "ಇನ್ನೊಂದು ಸ್ವಲ್ಪ, ಕೂಡ್ರಿ," ಎಂದು ಅವಳು ಪೆಡಲಿನ ಮೇಲೆ ಕಾಲಿಟ್ಟಳು. ನಾನು ಲೋಟ ಕೆಳಗಿಟ್ಟು ಎದ್ದೆ. ಮತ್ತೆ ಬಾ ಎಂದು ಅವಳು ಹೇಳಲಿಲ್ಲ. ಬರ್ತೀನಿ ಎಂದು ನಾನು ಹೇಳಿದ್ದು ಯಂತ್ರದ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸಂಜೆಯ ಬಸ್ಸಿನಲ್ಲಿ ದಾವಣಗೆರೆಗೆ ವಾಪಸಾದೆ.