ಕಾಯಿಲೆ ಒಪ್ಪದ ಕೆಂಪಾಜಮ್ಮ

ನಮ್ಮ ಕಳಲೆಯಲ್ಲಿ ಯಾರಿಗೆ ಮೈ ಸರಿಯಿಲ್ಲದಿದ್ದರೂ ಮೊದಲು ಕೆಂಪಾಜಮ್ಮನವರ ಮನೆಗೆ ಹೇಳಿಕಳಿಸುತ್ತಾರೆ. ಅವರು ನಾಟಿ ಔಷಧಿ ಕೊಡುವವರಲ್ಲ, ಸೂಲಗಿತ್ತಿಯೂ ಅಲ್ಲ. ಅವರಿಗೆ ಗೊತ್ತಿರುವುದು ಒಂದೇ ವಿದ್ಯೆ, ಆಸ್ಪತ್ರೆಗೆ ಜೊತೆ ಹೋಗುವುದು.

ನಮ್ಮ ಕಡೆ ಕಾಯಿಲೆಯವರು ಡಾಕ್ಟರ ಮುಂದೆ ಬಾಯಿ ಬಿಡುವ ಪದ್ಧತಿಯಿಲ್ಲ. ನರಳುವುದು ಅವರ ಕೆಲಸ, ಹೇಳುವುದು ಜೊತೆಗೆ ಹೋದವರ ಕೆಲಸ. ಕೆಂಪಾಜಮ್ಮ ಹೇಳಲು ಕುಳಿತರೆ ಹೊಟ್ಟೆನೋವಿನ ಕಥೆ ಹೋದ ವರ್ಷದ ಮದುವೆ ಊಟದಿಂದ ಶುರುವಾಗುತ್ತದೆ. ಡಾಕ್ಟರು ರೋಗಿಯ ಕಡೆ ತಿರುಗಿ ಏನಾದರೂ ಕೇಳಿದರೆ, "ಅವ್ನನ್ಯಾಕ್ ಕೇಳೀರಿ ಸಾ, ಅವ್ನಿಗೇನ್ ಗೊತ್ತು? ನಾನಿವ್ನಿ ಕೇಳಿ" ಎನ್ನುತ್ತಾರೆ.

ನಂಜನಗೂಡಿನ ಆಸ್ಪತ್ರೆಯಲ್ಲಿ ಒಂದು ದಿನ ಈ ಮಾತು ಹೇಮಲತಾ ಮೇಡಂ ಕಿವಿಗೆ ಬಿತ್ತು. ಅವರು ಮೈಸೂರು ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಡಾಕ್ಟರು. ಈಗೀಗ ಡಾಕ್ಟರಾಗುವ ಮಕ್ಕಳು ರೋಗಿಯ ಜೊತೆ ಮಾತನಾಡುವುದನ್ನೂ ಕಲಿಯಬೇಕಂತೆ, ಅದಕ್ಕೂ ಪರೀಕ್ಷೆಯಿದೆಯಂತೆ. ನಿಜವಾಗಿ ನರಳುತ್ತಿರುವವರನ್ನು ಕೂರಿಸಿಕೊಂಡು ಹತ್ತು ಹುಡುಗರು ಅದನ್ನೇ ಕೇಳಿದರೆ ಪಾಪ ಬರುತ್ತದಲ್ಲ. ಹಾಗಾಗಿ ಗಟ್ಟಿಮುಟ್ಟಾಗಿರುವವರಿಗೇ ರೋಗಿಯ ಪಾತ್ರ ಕಲಿಸಿ ಕೂರಿಸುತ್ತಾರೆ. ಮಾತಿಗೆ ಹಿಂಜರಿಯದವರು ಬೇಕಾಗಿತ್ತು. ಮೇಡಂ ಕರೆದರು, ಕೆಂಪಾಜಮ್ಮ ಹೋದರು.

ಮೊದಲ ದಿನವೇ ತೊಡಕು ಬಂತು. "'ನಂಗೆ ತಲೆ ಸುತ್ತುತ್ತೆ, ಬಿ.ಪಿ. ಇದೆ' ಅಂತ ಹೇಳಿ ನೋಡೋಣ," ಎಂದರು ಮೇಡಂ. ಕೆಂಪಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಬ್ಯಾಡಿ ಮೇಡಮ್ಮೋರೆ. ಅಸ್ತು ದೇವತೆಗಳು ಓಡಾಡ್ತಿರ್ತವೆ. ನಾನು ಅನ್ನೋದು, ಅವು 'ಅಸ್ತು' ಅಂದ್ಬುಡದು. ಆಮೇಕೆ ನೀವು ಬುಡುಸ್ಕೊಟ್ಟೀರಾ?"

"ಇದು ಬರೀ ಪ್ರಾಕ್ಟೀಸ್ ಅಲ್ವಾಮ್ಮ?"

"ಅದು ನಿಮಗ್ಗೊತ್ತು, ನನಗ್ಗೊತ್ತು. ಅವುಕ್ಕೆ ಯಾರು ಏಳವ್ರೆ?"

ಇದನ್ನು ಕೇಳಿ ನಗುವುದು ಸುಲಭ. ಕೇಳುವಾಗ ನಾನೂ ನಕ್ಕೆ. ಆದರೆ ದೀಪ ಹಚ್ಚುವ ಹೊತ್ತಿನಲ್ಲಿ ಕೆಟ್ಟ ಮಾತು ನನ್ನ ಬಾಯಿಂದಲೂ ಬರುವುದಿಲ್ಲ.

ದಾರಿ ತೋರಿಸಿದ್ದು ಕಾಲೇಜಿನ ವಾಚ್‌ಮನ್ ಶಿವಮೂರ್ತಿ. ಹೆಮ್ಮಿಗೆಯವನು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ನಮ್ದು ಬುದ್ಧನ್ನ ನಂಬೋ ಮನೆ ಕಣವ್ವ. ನಿಮ್ ಅಸ್ತು ದ್ಯಾವ್ರುಗೆ ನಮ್ಮನೆ ಅಡ್ರೆಸ್ಸೇ ಗೊತ್ತಿಲ್ಲ. ಕಾಯ್ಲೆ ನಂಗಿರ್ಲಿ, ಬಾಯಿ ನಿಮಗಿರ್ಲಿ," ಎಂದ.

ಮೇಡಂ ಯೋಚಿಸಿದರು. ನಿಜವಾದ ಆಸ್ಪತ್ರೆಯಲ್ಲಿ ನಡೆಯುವುದೂ ಇದೇ ತಾನೆ? ಶಿವಮೂರ್ತಿ ರೋಗಿಯಾದ, ಕೆಂಪಾಜಮ್ಮ ಅವನ ಸೋದರತ್ತೆಯಾದರು. ರೋಗಿಯ ಗುಟ್ಟೊಂದನ್ನು ಮೇಡಂ ಶಿವಮೂರ್ತಿಯ ಕಿವಿಯಲ್ಲಿ ಮಾತ್ರ ಹೇಳಿದರು. ಯಾರಾದರೂ ಅವನನ್ನೇ ಸಮಾಧಾನವಾಗಿ ಮಾತನಾಡಿಸಿ, ಉತ್ತರಕ್ಕೆ ಕಾದರೆ ಮಾತ್ರ ಅದನ್ನು ಬಿಡಬೇಕು. ಕೆಂಪಾಜಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಪರೀಕ್ಷೆಯ ದಿನದವರೆಗೆ ಅದು ಕಾಲೇಜಿನ ಕಾಂಪೌಂಡಿನೊಳಗೆ ಉಳಿಯುತ್ತಿರಲಿಲ್ಲ.

ತಿ. ನರಸೀಪುರದ ಕವನ ಎಂಬ ಹುಡುಗಿಗೆ ಹೋದ ಸಲ ಇದೇ ಪರೀಕ್ಷೆ ಹೋಗಿತ್ತು. ಓದಿನಲ್ಲಿ ಜಾಣೆ. ಆದರೆ ಭಯಕ್ಕೆ ಒಂದು ಪ್ರಶ್ನೆಗೆ ಉತ್ತರ ಬರುವ ಮೊದಲೇ ಇನ್ನೊಂದು ಕೇಳಿಬಿಡುತ್ತಿದ್ದಳು. ಒಂದು ದಿನ ಕ್ಯಾಂಟೀನಿನಲ್ಲಿ ಕೆಂಪಾಜಮ್ಮನ ಪಕ್ಕ ಕುಳಿತು, "ಈ ಸಲಾನೂ ಹೋದ್ರೆ ನನ್ ಜೊತೆಯೋರೆಲ್ಲ ಮುಂದಿನ ಕ್ಲಾಸಿಗೆ ಹೋಗ್ತಾರೆ ಅಜ್ಜಿ. ನಾನೊಬ್ಬಳು ಜೂನಿಯರ್‌ಗಳ ಜೊತೆ ಕೂರ್ಬೇಕು," ಎಂದು ಕಣ್ಣು ಒರೆಸಿಕೊಂಡಳು.

ಕೆಂಪಾಜಮ್ಮ ಸೋಮವಾರ ನಂಜುಂಡೇಶ್ವರನಿಗೆ ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸಿದರು. ದೇವರೊಬ್ಬನ ಮೇಲೇ ಭಾರ ಹಾಕುವುದು ಸರಿಯಲ್ಲವೆಂದು ತಾವೂ ಒಂದು ತೀರ್ಮಾನಕ್ಕೆ ಬಂದರು. ಈ ಹುಡುಗಿ ಬಂದಾಗ ಅವಳು ಕೇಳುವ ಕಷ್ಟವೇ ಇಲ್ಲದಂತೆ ಎಲ್ಲವನ್ನೂ ತಾವೇ ಹೇಳಿಬಿಡುವುದು.

ಪರೀಕ್ಷೆಯ ದಿನ ಮೇಡಂ ಜೊತೆ ಬೇರೆ ಕಾಲೇಜಿನ ಪ್ರೇಮ್‌ಕುಮಾರ್ ಎಂಬ ಡಾಕ್ಟರು ಅಂಕ ಹಾಕಲು ಕುಳಿತಿದ್ದರು. ಅವರ ಕೈಯಲ್ಲಿ ಒಂದು ಹಾಳೆ. ಏನೇನು ಮಾಡಿದರೆ ಎಷ್ಟೆಷ್ಟು ಅಂಕ ಎಂದು ಅದರಲ್ಲಿತ್ತು.

ಮೊದಲು ಬಂದ ಹುಡುಗ ಕೆಂಪಾಜಮ್ಮನ ಮಾತಿನ ಹೊಳೆಯಲ್ಲಿ ಕೊಚ್ಚಿಹೋದ. ಅವನು ಎದ್ದು ಹೋಗುವಾಗಲೂ ಅವರು ಶಿವಮೂರ್ತಿಯ ಬಾಲ್ಯದಲ್ಲಿಯೇ ಇದ್ದರು. ಎರಡನೆಯವನು ಚುರುಕು. "ನೀವು ಸ್ವಲ್ಪ ಹೊರಗಡೆ ಇರಿ," ಎಂದ. ಪ್ರೇಮ್‌ಕುಮಾರ್ ಹಾಳೆಯಲ್ಲಿ ಗುರುತು ಹಾಕಿದರು. ಜೊತೆಯವರನ್ನು ಹೊರಗೆ ಕಳಿಸುವುದಕ್ಕೂ ಅಂಕವಿತ್ತು. ಆದರೆ ಕೆಂಪಾಜಮ್ಮ ತಮ್ಮ ಚೀಲವನ್ನೂ ಎತ್ತಿಕೊಂಡರು, ರೋಗಿಯನ್ನೂ ಎಬ್ಬಿಸಿದರು. "ಏಳ್ಲಾ ಮೂರ್ತಿ. ನಾವು ಮನುಷ್ರಂಗ್ ಕಾಣದಿದ್ಮ್ಯಾಕೆ ಇಲ್ಯಾಕೆ? ಬ್ಯಾರೆ ಡಾಕ್ಟ್ರತ್ರ ಓಗವಾ ಬಾ." ಇಬ್ಬರನ್ನೂ ಮೆಟ್ಟಿಲ ಹತ್ತಿರದಿಂದ ಕರೆದುಕೊಂಡು ಬರಬೇಕಾಯಿತು.

ಆಮೇಲೆ ಕವನ ಬಂದಳು. ಕುಳಿತು, "ಏನ್ ತೊಂದ್ರೆ ಅಣ್ಣ?" ಎಂದಳು, ಅಷ್ಟೇ.

"ಇವ್ನಿಗೆ ತಲೆ ಸುತ್ತು ಕಣವ್ವ. ಬಿ.ಪಿ. ಐತೆ. ಮಾತ್ರೆ ದಿವ್ಸಾ ನುಂಗ್ತಾನೆ, ತಪ್ಸದೇ ಇಲ್ಲ. ಉಪ್ಪು ನಾನೇ ಕಮ್ಮಿ ಆಕ್ತೀನಿ. ಬೀಡಿ ಇಲ್ಲ, ಕುಡಿಯಕಿಲ್ಲ. ಇವ್ರಪ್ಪಂಗೂ ಇತ್ತು..." ಹುಡುಗಿ ಬಾಯಿ ತೆರೆದಾಗಲೆಲ್ಲ ಕೆಂಪಾಜಮ್ಮ ಇನ್ನಷ್ಟು ಉಪಕಾರ ಮಾಡಿದರು. ಪ್ರೇಮ್‌ಕುಮಾರ್ ಗಡಿಯಾರ ನೋಡಿದರು. ಹೇಮಲತಾ ಮೇಡಂ ತಲೆ ಬಗ್ಗಿಸಿಕೊಂಡರು. ಕವನಳ ಹಣೆಯ ಮೇಲೆ ಬೆವರು.

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಅಜ್ಜಿ, ನಂಗೊಂದು ಸಹಾಯ ಆಗ್ಬೇಕಲ್ಲ," ಎಂದು ಕೆಂಪಾಜಮ್ಮನ ಬೆರಳುಗಳನ್ನು ಹಿಡಿದು ಶಿವಮೂರ್ತಿಯ ಮಣಿಕಟ್ಟಿನ ಮೇಲಿಟ್ಟಳು. "ಇಲ್ಲಿ ಡವಡವ ಅನ್ನುತ್ತೆ ನೋಡಿ, ನಾಡಿ. ನಾನು ಸಾಕು ಅನ್ನೋವರ್ಗೂ ಎಣಿಸ್ತಾ ಇರಿ. ಮನಸ್ಸಲ್ಲೇ ಎಣಿಸ್ಬೇಕು. ಮಾತಾಡಿದ್ರೆ ಲೆಕ್ಕ ತಪ್ಪೋಗುತ್ತೆ."

ಕೆಂಪಾಜಮ್ಮ ಕಣ್ಣು ಮುಚ್ಚಿಕೊಂಡರು. ಜಪಕ್ಕೆ ಕುಳಿತವರ ಹಾಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳಿಸಿತು.

"ಅಣ್ಣ, ಮಾತ್ರೆ ತಗೊಂಡ್ರೆ ಏನಾದ್ರೂ ತೊಂದ್ರೆ ಆಗುತ್ತಾ?" ಕವನ ಕೇಳಿದಳು. ಕೇಳಿ, ಕೈ ಕಟ್ಟಿಕೊಂಡು ಕಾದಳು. ಶಿವಮೂರ್ತಿ ನೆಲ ನೋಡಿದ, ಅತ್ತೆಯನ್ನು ನೋಡಿದ. ಅವಳು ಕಾದೇ ಇದ್ದಳು.

"ತಕಂಡ್ರೆ ಗಳಿಗ್ಗಳ್ಗೆಗೂ ಒಂದಕ್ಕೆ ಓಗ್ಬೇಕು ಅನ್ಸ್ತದೆ," ಎಂದ ಅವನು ಮೆಲ್ಲಗೆ. "ದಿವ್ಸಾ ಬಸ್ಸಲ್ಲಿ ಬರೋನು, ಎಲ್ಲಿ ನಿಲ್ಸು ಅನ್ನದು? ನಾಚ್ಕೆ. ಅದ್ಕೆ ಬುಟ್ಬುಟ್ಟೆ. ಅತ್ತೆಗ್ ಗೊತ್ತಿಲ್ಲ."

ಕೆಂಪಾಜಮ್ಮನ ಕಣ್ಣು ತೆರೆಯಿತು. "ಬುಟ್ಬುಟ್ಯೇನ್ಲಾ? ಮಾತ್ರೆ ಬುಟ್ಟು ನನ್ ಮುಂದೇನೆ ತಲೆ ಸುತ್ತು ಅಂತೀಯೇನ್ಲಾ, ಕಳ್ಳ?"

"ಅವ್ವ, ಇದು ನಾಟ್ಕ," ಎಂದ ಶಿವಮೂರ್ತಿ.

"ನಾಟ್ಕದಲ್ಲಾದ್ರೂ ಸರಿಯಾಗಿ ನುಂಗಕೇನ್ಲಾ ನಿಂಗೆ ರೋಗ?"

ಗಂಟೆ ಹೊಡೆಯಿತು. ಪ್ರೇಮ್‌ಕುಮಾರ್ ಹಾಳೆಯ ಮೇಲೆ ಪೆನ್ನು ಇಟ್ಟುಕೊಂಡು, "ಜೊತೆಯವರನ್ನ ಹೊರಗೆ ಕಳಿಸಲಿಲ್ಲವಲ್ಲ. ಇಲ್ಲಿ ಅಂಕ ಹೇಗೆ ಕೊಡೋದು? ಅದು ಹೋದ್ರೆ ಈಕೆ ಪಾಸಾಗೋದು ಕಷ್ಟ," ಎಂದರು.

"ಹೊರಗೆ ಕಳಿಸೋದು ಯಾತಕ್ಕೆ ಸರ್? ರೋಗಿ ಬಾಯಿ ಬಿಡಲಿ ಅಂತ. ಬಿಟ್ಟನಲ್ಲ," ಎಂದರು ಹೇಮಲತಾ ಮೇಡಂ.

ಅಂಕ ಕಡಿಯುವ ಮಾತು ಕೇಳಿ ಕೆಂಪಾಜಮ್ಮ ಕೈ ಮುಗಿದರು. "ತಪ್ಪು ನಂದು ಸಾ. ನಡ್ವೆ ಬಾಯಿ ಬುಟ್ಟು ಲೆಕ್ಕ ತಪ್ಪೋಯ್ತು. ಇನ್ನೊಂದ್ಸಲ ಎಣುಸ್ಕೊಡ್ತೀನಿ. ಅದಕ್ಕೋಸ್ಕರ ಮಗಿಗೆ ನಂಬರ್ ಕಡೀಬ್ಯಾಡಿ."

"ನಿಮ್ಮ ಲೆಕ್ಕಕ್ಕೆ ಅಂಕ ಇಲ್ಲಮ್ಮ," ಎಂದರು ಪ್ರೇಮ್‌ಕುಮಾರ್.

"ಇಲ್ವಾ? ಮತ್ಯಾಕ್ ಎಣುಸ್ದೆ ನಾನು?"

ಕವನ ಉಗುರು ನೋಡಿಕೊಳ್ಳುತ್ತಿದ್ದಳು. ಶಿವಮೂರ್ತಿ ಕಿಟಕಿಯ ಕಡೆ ತಿರುಗಿಕೊಂಡ, ಅವನ ಭುಜ ಅಲುಗಾಡುತ್ತಿತ್ತು. ಕೆಂಪಾಜಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಹುಡುಗಿಯ ಮುಖದ ಮೇಲೆ ದೃಷ್ಟಿ ನಿಂತಿತು.

"ನನ್ ಬಾಯಿ ಮುಚ್ಸಕ್ಕಾ?"

ಹುಡುಗಿ ಹೌದೆಂದು ತಲೆಯಾಡಿಸಿದಳು.

ಕೆಂಪಾಜಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. "ಪಾಸ್ ಮಾಡಿ ಸಾ," ಎಂದರು ಪ್ರೇಮ್‌ಕುಮಾರ್ ಅವರಿಗೆ. "ಇದು ನಮ್ಮತ್ತೆ ಕೈಲೂ ಆಗಿರ್ನಿಲ್ಲ."

ಪ್ರೇಮ್‌ಕುಮಾರ್ ನಗು ತಡೆಯಲಾರದೆ ಆ ಅಂಕವನ್ನೂ ಕೊಟ್ಟು ಹಾಳೆಗೆ ಸಹಿ ಹಾಕಿದರು.