ಬ್ಯಾಡ ಅನ್ನುವ ಯಂತ್ರ

ನಮ್ಮ ಕಲ್ಲಿನ ಅಂಗಡಿಯ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ದಿನಾ ಬೆಳಿಗ್ಗೆ ಒಂದು ಸಣ್ಣ ಚೌಕ ಮೂಡುತ್ತದೆ. ಹೊಸ ಆಪರೇಟಿಂಗ್ ಸಿಸ್ಟಂ ಬಂದಿದೆ, ಹಳೆಯದನ್ನು ಇನ್ನು ಯಾರೂ ನೋಡಿಕೊಳ್ಳುವುದಿಲ್ಲ, ಬದಲಾಯಿಸಿಕೊಳ್ಳಿ ಎಂದು ಅದರ ವರಾತ. ಕೆಳಗೆ ಎರಡು ಗುಂಡಿ. ಒಂದು 'ಈಗಲೇ', ಇನ್ನೊಂದು 'ಆಮೇಲೆ'. ನಾನು ವಿಭೂತಿ ಹಚ್ಚಿಕೊಂಡು, ಊದಿನಕಡ್ಡಿ ಬೆಳಗಿ, ಕುರ್ಚಿಯಲ್ಲಿ ಕೂತು ಮಾಡುವ ಮೊದಲ ಕೆಲಸವೆಂದರೆ 'ಆಮೇಲೆ' ಒತ್ತುವುದು. ಪೂಜೆಯಷ್ಟೇ ನೇಮದಿಂದ ಒತ್ತುತ್ತೇನೆ.

ಅಂಗಡಿಯ ಬಿಲ್ಲು ನೋಡುವವಳು ನನ್ನ ಸೊಸೆ ಗೌರಿ. ಅವಳಿಗೆ ಬೇಕಾದ ಪ್ರೋಗ್ರಾಮು ಹಳೆಯ ಸಿಸ್ಟಮ್ಮಿನಲ್ಲಿ ನಡೆಯುವುದಿಲ್ಲ. ಅದಕ್ಕಾಗಿ ಪಕ್ಕದ ಅಂಗಡಿಗೆ ಹೋಗಿ, ಅವರ ಗಿರಾಕಿಗಳು ಸರಿದ ಮೇಲೆ ಕೆಲಸ ಮುಗಿಸಿಕೊಂಡು ಬರುತ್ತಾಳೆ. ಇವತ್ತರ ಒತ್ರಿ ಮಾವಾರ ಎಂದು ಮೆಲ್ಲಗೆ ಕೇಳುತ್ತಾಳೆ. ನಾಳೆ ನೋಡೋಣವ್ವ ಎನ್ನುತ್ತೇನೆ. ನಾಳೆ ಎನ್ನುವುದು ನಮ್ಮ ಇಳಕಲ್ಲಿನಲ್ಲಿ ಬಹಳ ಉದ್ದದ ದಿನ, ನಿಮಗೆ ಗೊತ್ತಿರಬಹುದು.

ಮುದುಕ ಹೊಸದಕ್ಕೆ ಹೆದರುತ್ತಾನೆ ಎಂದು ನೀವು ಅಂದುಕೊಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಈ ಊರಿನಲ್ಲಿ ಕಂಪ್ಯೂಟರ್ ಎಂಬುದನ್ನು ಬಹಳ ಮಂದಿ ಕಣ್ಣಿನಿಂದ ಕಾಣುವ ಮೊದಲೇ ಅದರ ಮುಂದೆ ಕೂತವನು ನಾನು. ಬದಲಿಸಬೇಕೋ ಬೇಡವೋ ಎಂಬ ಈ ಪ್ರಶ್ನೆಯೂ ನನಗೆ ಹೊಸದಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಹುನಗುಂದದ ರಸ್ತೆಯ ಬದಿಗೆ ಒಂದು ಗ್ರಾನೈಟ್ ಕಾರಖಾನೆ ಇತ್ತು. ನಾನು ಸಾಲೆ ಬಿಟ್ಟ ಮೇಲೆ ಕಲ್ಲಿಗೇ ಹೋದವನು. ಸಾಲೆ ಯಾಕೆ ಬಿಟ್ಟೆ ಎಂಬ ಕಥೆ ಬೇಡ, ಆ ಕಥೆ ಎಲ್ಲರ ಮನೆಯಲ್ಲೂ ಒಂದೊಂದು ಇರುತ್ತದೆ. ಕಾರಖಾನೆಯಲ್ಲಿ ನನ್ನ ಕೆಲಸ ಕ್ವಾರಿಯಿಂದ ಬಂದ ಕಲ್ಲಿನ ದಿಂಡಿನ ಮೇಲೆ ಕೆಂಪು ಬಣ್ಣದಿಂದ ಗುರುತು ಬರೆಯುವುದು. ಗುರುತು ಇಂಗ್ಲಿಷಿನಲ್ಲಿ ಇರಬೇಕು, ಕಲ್ಲು ಹಡಗು ಹತ್ತಿ ಹೋಗುತ್ತದೆ. ಹಾಗಾಗಿ ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಪಾಟಿಯ ಮೇಲಲ್ಲ, ಆಳೆತ್ತರದ ಕಲ್ಲಿನ ಮೇಲೆ. ನನ್ನ 'ಎಸ್' ನೋಡಿದರೆ ಹೆಡೆ ಎತ್ತಿದ ಹಾವು ಎನ್ನುತ್ತಿದ್ದರು. ಇವತ್ತಿಗೂ ಕಾಗದದ ಮೇಲೆ ಸಣ್ಣದಾಗಿ ಬರೆಯಲು ನನಗೆ ಬರುವುದಿಲ್ಲ.

ಕಾರಖಾನೆಯ ಸಾವಕಾರರು ಕಂಪ್ಯೂಟರ್ ತರಿಸಿದಾಗ ಅಕ್ಷರ ಬಲ್ಲವನು ಎಂದು ನನ್ನನ್ನೇ ಅದರ ಮುಂದೆ ಕೂರಿಸಿದರು. ಯಾವ ಹಲಗೆ ಎಷ್ಟು ಉದ್ದ, ಎಷ್ಟು ಅಗಲ, ಯಾವ ಪೆಟ್ಟಿಗೆಯಲ್ಲಿ ಹೋಗಬೇಕು ಎಂಬ ಪಟ್ಟಿ ತೆಗೆಯುವ ಕೆಲಸ. ಯಂತ್ರಕ್ಕೆ ಧೂಳು ಆಗದು ಎಂದು ತಂದವರು ಹೇಳಿದ್ದರಿಂದ ಅದಕ್ಕೊಂದು ಗಾಜಿನ ಕೋಣೆ ಕಟ್ಟಿಸಿದರು, ತಣ್ಣನೆಯ ಗಾಳಿಯ ಮಷಿನ್ ಹಾಕಿಸಿದರು, ಮೇಲೆ ಹೊದಿಸಲು ಇಳಕಲ್ ಸೀರೆಯ ಒಂದು ತುಂಡನ್ನು ಅಂಚು ಹೊಲಿಸಿ ಕೊಟ್ಟರು. ಹೊಸ ಮದುಮಗಳಿಗೂ ಅಷ್ಟು ಉಪಚಾರ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನಾನು ಒಳಗೆ ಹೋಗಿ ಬಾಗಿಲು ಎಳೆದುಕೊಂಡರೆ, ಹೊರಗೆ ಕಲ್ಲು ಕೊಯ್ಯುವ ಗರಗಸದ ಸಪ್ಪಳ ದೂರದ ಊರಿನದು ಅನ್ನಿಸುತ್ತಿತ್ತು. ಸಾಲೆ ಬಿಟ್ಟವನಿಗೆ ತಿರುಗುವ ಕುರ್ಚಿ. ಆ ಕುರ್ಚಿಯಲ್ಲಿ ನಾನು ಎಷ್ಟು ನೆಟ್ಟಗೆ ಕೂರುತ್ತಿದ್ದೆನೆಂದರೆ, ಮನೆಗೆ ಬಂದ ಮೇಲೆ ಬೆನ್ನು ನೋಯುತ್ತಿತ್ತು.

ಆಗಿನ ಆಪರೇಟಿಂಗ್ ಸಿಸ್ಟಮ್ಮಿಗೆ ಡಾಸ್ ಅನ್ನುತ್ತಿದ್ದರು. ಕಪ್ಪು ಪರದೆ, ಹಸಿರು ಅಕ್ಷರ. ಚಿತ್ರವಿಲ್ಲ, ಗುಂಡಿಯಿಲ್ಲ. ಏನು ಮಾಡಬೇಕು ಎಂಬುದನ್ನು ನಾವೇ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದು ಹೇಳಬೇಕು. ಅರ್ಥ ಗೊತ್ತಿಲ್ಲದೆ ಮಂತ್ರ ಬಾಯಿಪಾಠ ಮಾಡುವಂತೆ ನಾನು ಅವುಗಳನ್ನು ಬಾಯಿಪಾಠ ಮಾಡಿದೆ. ಒಂದು ಚುಕ್ಕೆ ತಪ್ಪಿದರೂ ಯಂತ್ರ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತಿತ್ತು. ಆ ಸಾಲಿನ ಮೊದಲ ಮಾತನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬಿ, ಎ, ಡಿ. ಬ್ಯಾಡ್. ಅಂದರೆ ಬ್ಯಾಡ!

ನೀವು ನಗಬಹುದು. ನನಗೆ ಮಾತ್ರ ಆ ದಿನ ಆದ ಆನಂದ ಅಷ್ಟಿಷ್ಟಲ್ಲ. ಎಲ್ಲಿಯದೋ ದೇಶದ ಯಂತ್ರ ನಮ್ಮ ಕಡೆಯ ಮಾತನ್ನು ಆಡುತ್ತಿದೆ. ಬೆಂಗಳೂರಿನವರ ಹಾಗೆ ಬೇಡ ಅನ್ನದೆ, ನಮ್ಮವ್ವನ ಹಾಗೆ ಬ್ಯಾಡ ಅನ್ನುತ್ತಿದೆ. ಹಂಗ ಮಾಡಬ್ಯಾಡ, ತಪ್ಪಾಕ್ಕೈತಿ ಎಂದು ತಿದ್ದುತ್ತಿದೆ. ತಿಂಗಳುಗಟ್ಟಲೆ ನಾನು ಅದನ್ನು ಹಾಗೆಯೇ ನಂಬಿದ್ದೆ. ಕಡೆಗೆ ಹುಬ್ಬಳ್ಳಿಯಿಂದ ರಿಪೇರಿಗೆ ಬರುತ್ತಿದ್ದ ಕುಲಕರ್ಣಿ ಎಂಬ ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕು, ಅದು ಕನ್ನಡವಲ್ಲ ಮಾರಾಯ, ಇಂಗ್ಲಿಷಿನಲ್ಲಿ ಕೆಟ್ಟದ್ದು ಎಂದು ಅರ್ಥ ಅಂದ. ನನಗೆ ಅವಮಾನವಾಯಿತು. ಆದರೂ ಒಳಗೊಳಗೆ ನನ್ನ ಅರ್ಥವೇ ಮೇಲು ಅನ್ನಿಸಿತು. ಕೆಟ್ಟದ್ದು ಅಂದರೆ ಮುಗಿಯಿತು, ಬ್ಯಾಡ ಅಂದರೆ ಇನ್ನೊಂದು ಸಲ ಬೇರೆ ರೀತಿ ಮಾಡಿ ನೋಡಬಹುದು.

ಈ ಕುಲಕರ್ಣಿಯೇ ಒಂದು ಸಲ ಬಂದಾಗ ಹೊಸ ಸುದ್ದಿ ತಂದ. ಡಾಸ್‌ನ ಹೊಸ ಆವೃತ್ತಿ ಬಂದಿದೆ. ಅದರಲ್ಲಿ ಏನನ್ನೂ ಬಾಯಿಪಾಠ ಮಾಡಬೇಕಿಲ್ಲ. ಮಾಡಬಹುದಾದ ಕೆಲಸಗಳೆಲ್ಲ ಪರದೆಯ ಮೇಲೇ ಸಾಲಾಗಿ ಬರುತ್ತವೆ, ಬಾಣದ ಕೀಲಿಯಿಂದ ಕೆಳಗೆ ಮೇಲೆ ಹೋಗಿ ಬೇಕಾದ್ದರ ಮೇಲೆ ನಿಂತು ಒತ್ತಿದರಾಯಿತು. ಆದರೆ ಅದು ಜಾಗ ಹೆಚ್ಚು ತಿನ್ನುತ್ತದೆ, ನಿಮ್ಮ ಪಟ್ಟಿಯ ಪ್ರೋಗ್ರಾಮು ಅದರ ಜೊತೆ ಹೊಂದದೆಯೂ ಹೋಗಬಹುದು ಎಂದೂ ಹೇಳಿದ. ಮುಂದಿನ ಸಲ ಬರುವಾಗ ಫ್ಲಾಪಿ ತರಲೋ ಬೇಡವೋ, ಹೇಳಿ ಕಳಿಸಿರಿ ಎಂದು ಬಸ್ಸು ಹತ್ತಿದ.

ಇಷ್ಟೇ ಆಗಿದ್ದರೆ ನಾನು ಆ ಕ್ಷಣವೇ ಬೇಡ ಅನ್ನುತ್ತಿದ್ದೆ. ನಡುವೆ ಇಮಾಮಸಾಬ್ ಇದ್ದ.

ಇಮಾಮಸಾಬ್ ನನಗಿಂತ ಬಹಳ ಹಿರಿಯ, ಕಾಕಾ ಎಂದೇ ಕರೆಯುತ್ತಿದ್ದೆ. ಅಂಗಳದಲ್ಲಿ ಉಳಿ ಸುತ್ತಿಗೆಯಿಂದ ಕಲ್ಲಿನ ಅಂಚು ಒಡೆದು ನೇರ ಮಾಡುವ ಕೆಲಸ ಅವನದು. ಕೊಯ್ಯುವಲ್ಲಿ ನೀರಿರುತ್ತದೆ, ಅಂಚು ಒಡೆಯುವಲ್ಲಿ ನೀರಿಲ್ಲ, ಬರೀ ಧೂಳು. ಬಾಯಿಗೆ ಟವೆಲ್ ಕಟ್ಟಿದರೂ ಸಂಜೆ ಹೊತ್ತಿಗೆ ಅವನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿರುತ್ತಿದ್ದವು. ಊರಿನಲ್ಲಿ ಅವನಷ್ಟು ಚೆನ್ನಾಗಿ ಚಾಷ್ಟಿ ಮಾಡಿ ನಗಿಸುವವರು ಇರಲಿಲ್ಲ. ಆದರೆ ಆ ವರ್ಷ ಅವನ ಯಾವ ಚಾಷ್ಟಿಯೂ ತುದಿ ಮುಟ್ಟುತ್ತಿರಲಿಲ್ಲ. ನಗು ಬರಬೇಕಾದ ಜಾಗಕ್ಕೆ ಕೆಮ್ಮು ಬರುತ್ತಿತ್ತು. ನಾವು ಕಾಯುತ್ತಿದ್ದೆವು. ಕೆಮ್ಮು ನಿಂತ ಮೇಲೆ ಅವನು ಕೈ ಆಡಿಸಿ, ಉಳಿದದ್ದು ನಾಳೆ ಎಂದು ಸನ್ನೆ ಮಾಡುತ್ತಿದ್ದ. ಬಾಗಲಕೋಟೆಯ ದವಾಖಾನೆಯ ಡಾಕ್ಟರು ಎದೆಯ ಫೋಟೋ ತೆಗೆಸಿ, ಕಲ್ಲಿನ ಧೂಳು ಬಿಟ್ಟರೆ ಬದುಕುತ್ತೀ, ಬಿಡದಿದ್ದರೆ ಇಲ್ಲ ಎಂದು ಹೇಳಿ ಕಳಿಸಿದ್ದರು.

ಧೂಳಿಲ್ಲದ ಜಾಗ ಆ ಕಾರಖಾನೆಯಲ್ಲಿ ಒಂದೇ ಇತ್ತು. ನನ್ನ ಗಾಜಿನ ಕೋಣೆ.

ಕೆಲಸ ಹೆಚ್ಚಾಗಿ ಅಲ್ಲಿಗೆ ಇನ್ನೊಬ್ಬ ಬೇಕಾಗಿದ್ದ. ಸಾವಕಾರರು ಒಳ್ಳೆಯವರು, ಇಮಾಮಸಾಬನನ್ನೇ ತಗೊಳ್ಳುವ ಮನಸ್ಸಿತ್ತು. ಅವನಿಗೆ ಅಂಕಿ ಬರುತ್ತಿತ್ತು, ಇಂಗ್ಲಿಷ್ ಅಕ್ಷರ ಗುರುತು ಸಿಗುತ್ತಿತ್ತು. ಆದರೆ ಅಂಗಳದಲ್ಲಿ ಕೂತು ನಾನು ಎಷ್ಟು ಹೇಳಿಕೊಟ್ಟರೂ ಆ ಮಂತ್ರಗಳು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಸಾವಕಾರರು ನನ್ನನ್ನು ಕರೆದು ಹೇಳಿದರು:

"ಹೊಸಾದು ಹಾಕಿದ್ರ ಇಮಾಮಸಾಬಗ ಸಾಧಿಸ್ತೈತಿ. ಇಲ್ಲಂದ್ರ ಬಾಗಲಕೋಟಿಯಿಂದ ಬಿ.ಕಾಂ. ಕಲ್ತಾಂವನ್ನ ಯಾರನ್ನರ ಕರಸಬೇಕು. ಯಂತ್ರದ ಮುಂದ ಕೂಡಾಂವ ನೀನು. ಬೇಕೋ ಬ್ಯಾಡೋ ನೀನ ಹೇಳು."

ವಿಚಾರ ಮಾಡುತ್ತೇನೆ ಎಂದು ಬಂದೆ. ಆ ವಾರವೆಲ್ಲ ವಿಚಾರವನ್ನೇ ಮಾಡಿದೆ. ನನ್ನ ಬಳಿ ಕಾರಣಗಳು ಬೇಕಾದಷ್ಟು ಇದ್ದವು, ಸುಳ್ಳು ಕಾರಣಗಳೂ ಅಲ್ಲ. ಪಟ್ಟಿ ಬರದೆ ಹೋದರೆ ಪೆಟ್ಟಿಗೆ ಲಾರಿ ಹತ್ತುವುದಿಲ್ಲ, ಲಾರಿ ತಡವಾದರೆ ಹಡಗು ಕಾಯುವುದಿಲ್ಲ. ನಡೆಯುವ ಬಂಡಿಯ ಕೀಲು ಯಾಕೆ ಕೀಳಬೇಕು? ಈ ಕಾರಣಗಳ ಕೆಳಗೆ ಇನ್ನೊಂದು ಇತ್ತು. ಹೊಸದು ಬಂದರೆ ನನಗೆ ಮಾತ್ರ ಬರುವ ವಿದ್ಯೆ ಯಾರು ಬೇಕಾದರೂ ಬೆರಳಿಟ್ಟು ಮಾಡುವ ಕೆಲಸವಾಗುತ್ತದೆ. ಕಷ್ಟಪಟ್ಟು ಕಲಿತವನಿಗೆ, ಕಷ್ಟವಿಲ್ಲದೆ ಕಲಿಯುವವರನ್ನು ಕಂಡರೆ ಒಂದು ನಮೂನೆಯ ಉರಿ. ಅದನ್ನು ನಾನು ಕಾಯಕದ ಮೇಲಿನ ಭಕ್ತಿ ಎಂದು ಕರೆದುಕೊಳ್ಳುತ್ತಿದ್ದೆ.

ಹುಬ್ಬಳ್ಳಿಗೆ ಉತ್ತರ ಕಳಿಸಬೇಕಾದ ದಿನದ ಮಧ್ಯಾಹ್ನ ಇಮಾಮಸಾಬ್ ಗಾಜಿನ ಬಾಗಿಲಿಗೆ ಬಂದ. ಎಂದೂ ಒಳಗೆ ಬಂದವನಲ್ಲ, ಮೈಮೇಲಿನ ಧೂಳು ಯಂತ್ರಕ್ಕೆ ಆಗದು ಎಂದು ತಾನೇ ದೂರ ನಿಲ್ಲುತ್ತಿದ್ದ. ಆ ದಿನ ನಳದ ಕೆಳಗೆ ಮೈ ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಒಂದು ಸಲ ಒತ್ತಿ ನೋಡುತ್ತೇನೆ ಅಂದ. ನಾನು ಎದ್ದು ಜಾಗ ಬಿಟ್ಟೆ, ಏನು ಬರೆಯಬೇಕು ಎಂದು ಹೇಳಿದೆ. ಕಲ್ಲು ಒಡೆದ ದಪ್ಪ ಬೆರಳು, ಒಂದು ಕೀಲಿ ಒತ್ತಲು ಹೋದರೆ ಎರಡು ಒತ್ತುತ್ತಿತ್ತು. ಯಂತ್ರ ತನ್ನ ಸಾಲನ್ನು ಬರೆಯಿತು.

"ಏನಂತೈತಿ ಇದು?" ಅಂದ.

"ಬ್ಯಾಡ ಅಂತೈತಿ ಕಾಕಾ."

"ನನಗಷ್ಟ ಅಂತೈತೋ, ನಿನಗೂ ಅಂದಿತ್ತೋ?"

"ನನಗೂ ಅಂದಿತ್ತು. ಕಲಿಯೂಮಟ ಅಂತಿತ್ತು."

ಅವನು ಪರದೆಯನ್ನು ನೋಡುತ್ತ ಕೂತ. ಕೆಮ್ಮು ಬಂತು. ಯಂತ್ರದ ಮೇಲೆ ಉಗುಳು ಹಾರೀತೆಂದು ಮುಖ ಗೋಡೆಯ ಕಡೆ ತಿರುಗಿಸಿಕೊಂಡು, ಅಂಗಿಯ ತೋಳಿನೊಳಗೆ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. ಆಮೇಲೆ ಎದ್ದು, ಸೀರೆಯ ತುಂಡಿನ ಹೊದಿಕೆಯನ್ನು ಎರಡು ಬೆರಳಿನಲ್ಲಿ ಮುಟ್ಟಿ ನೋಡಿ, ನಗುತ್ತಲೇ ಕೇಳಿದ:

"ಖರೇ ಹೇಳು ತಮ್ಮಾ, ಈಗ ಬ್ಯಾಡ ಅನ್ನಾಕತ್ತಿದ್ದು ಯಂತ್ರೋ, ನೀನೋ?"

ಅದೂ ಚಾಷ್ಟಿಯೇ. ಬಹಳ ದಿನಗಳ ಮೇಲೆ ಅವನು ತುದಿ ಮುಟ್ಟಿಸಿದ ಚಾಷ್ಟಿ. ಅವನು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಹೋದ. ನಾನು ಸಾವಕಾರರ ಬಳಿ ಹೋಗಿ, ಹೊಸದು ಹಾಕಿಸಿರಿ ಎಂದೆ. ಪಟ್ಟಿಯ ಪ್ರೋಗ್ರಾಮು ಕೈ ಕೊಟ್ಟರೆ ಏನು ಮಾಡುತ್ತೀ ಎಂದು ಕೇಳಿದರು. ಹೊಂದುವವರೆಗೆ ಕೈಯಿಂದ ಬರೆಯುತ್ತೇನೆ ಅಂದೆ.

ಕೈ ಕೊಟ್ಟೇಬಿಟ್ಟಿತು. ಕುಲಕರ್ಣಿ ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂದು ಅದನ್ನು ಹೊಂದಿಸುವವರೆಗೆ, ನಾನು ಕಲ್ಲಿನ ಮೇಲೆ ಬರೆದು ರೂಢಿಯಾದ ದಪ್ಪ ಅಕ್ಷರದಲ್ಲಿ ಪಟ್ಟಿಗಳನ್ನು ಬರೆದೆ. ಒಂದೊಂದು ಪಟ್ಟಿಯೂ ಪಂಚಾಯ್ತಿ ಚುನಾವಣೆಯ ಪೋಸ್ಟರಿನಷ್ಟು ದೊಡ್ಡದಾಯಿತು. ಸಾವಕಾರರು ಬೈದರು. ಬೈಸಿಕೊಂಡೆ. ಆಮೇಲೆ ಎಲ್ಲ ಸರಿಹೋಯಿತು. ಇಮಾಮಸಾಬ್ ಬಾಣದ ಕೀಲಿಯ ಮೇಲೆ ಒಂದು ಬೆರಳಿಟ್ಟು, ಹೊಲದ ಬದುವಿನ ಮೇಲೆ ನಡೆದಂತೆ ಜೋಪಾನವಾಗಿ ಒಂದೊಂದೇ ಸಾಲು ಇಳಿದು ಕೆಲಸ ಮಾಡತೊಡಗಿದ. ನಾನು ಮಾತ್ರ ಬಹಳ ವರ್ಷ ಆ ಸಾಲುಗಳನ್ನು ಮುಚ್ಚಿ, ಕಪ್ಪು ಪರದೆಗೇ ಹೋಗಿ ನನ್ನ ಮಂತ್ರವನ್ನೇ ಬರೆಯುತ್ತಿದ್ದೆ. ಪಕ್ಕಾ ರಸ್ತಾ ಆದ ಮ್ಯಾಲೂ ಕಾಲ್ದಾರಿ ಹಿಡ್ಯಾಂವ ಎಂದು ಅವನು ನನ್ನನ್ನು ಬಂದವರಿಗೆಲ್ಲ ತೋರಿಸುತ್ತಿದ್ದ.

ಅವನ ಕೆಮ್ಮು ಪೂರಾ ಹೋಗಲಿಲ್ಲ. ಎದೆಯಲ್ಲಿ ಕೂತ ಕಲ್ಲು ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವನು ಮಾತನ್ನು ನಡುವೆ ಬಿಡುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ, ಬಾದಾಮಿ ಸ್ಟೇಷನ್ನಿನಲ್ಲಿ ತನ್ನ ಮಾವ ಬೇರೆ ಗಾಡಿ ಹತ್ತಿ ಹೋದ ಕಥೆಯನ್ನು, ಹಿಂದೆ ಎಷ್ಟೋ ಸಲ ಅರ್ಧಕ್ಕೆ ನಿಂತಿದ್ದನ್ನು, ಮೊದಲಿನಿಂದ ಕೊನೆಯವರೆಗೆ ಹೇಳಿದ. ಕೊನೆ ಏನೆಂದು ನಮಗಾರಿಗೂ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಂಥ ದೊಡ್ಡ ಕೊನೆಯೇನೂ ಅಲ್ಲ. ನಕ್ಕು ನಕ್ಕು ನನ್ನ ರೊಟ್ಟಿ ಮಾತ್ರ ಕೈಯಲ್ಲೇ ಉಳಿಯಿತು.

ಇದನ್ನೆಲ್ಲ ನೆನೆಯುತ್ತ ಇವತ್ತು ಬೆಳಿಗ್ಗೆ ಎಷ್ಟು ಹೊತ್ತು ಕೂತಿದ್ದೆನೋ. ಗೌರಿ ಬಗಲಲ್ಲಿ ಬಿಲ್ಲುಗಳ ಚೀಲ ಹಿಡಿದು ಪಕ್ಕದ ಅಂಗಡಿಗೆ ಹೊರಟಿದ್ದಳು. ಅವಳು ಬಾಗಿಲು ದಾಟುವ ಮೊದಲು 'ಈಗಲೇ' ಒತ್ತಿದೆ.

ಯಂತ್ರ ಬಹಳ ಹೊತ್ತು ತಗೊಂಡಿತು. ನಡುವೆ ಕತ್ತಲಾಯಿತು, ಮತ್ತೆ ಬೆಳಕಾಯಿತು. ಕೊನೆಗೆ ಪರದೆ ತೆರೆದಾಗ ಯಾವುದೂ ಇದ್ದಲ್ಲಿ ಇರಲಿಲ್ಲ. ಎಡಕ್ಕಿದ್ದದ್ದು ನಡುವೆ ಬಂದಿತ್ತು, ನನ್ನ ಕಲ್ಲಿನ ಪಟ್ಟಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗೌರಿ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದಳು. ನಾನು ಎದ್ದು, ಗಿರಾಕಿಗಳಿಗೆಂದು ಇಟ್ಟ ಸ್ಟೂಲನ್ನು ಎಳೆದುಕೊಂಡು ಅದರ ಮೇಲೆ ಕೂತೆ. ಕುರ್ಚಿಯ ಮೇಲೆ ಕೂಡು, ನನಗ ಹೇಳಿಕೊಡು ಅಂದೆ.

ನಮ್ಮ ಮನೆಯಲ್ಲಿ ಸೊಸೆ ಮಾವನ ಮುಂದೆ ಕುರ್ಚಿಯ ಮೇಲೆ ಕೂತದ್ದಿಲ್ಲ. ನಮ್ಮವ್ವ ಕೂತಿರಲಿಲ್ಲ, ನನ್ನ ಹೆಂಡತಿ ಕೂತಿರಲಿಲ್ಲ. ಗೌರಿ ಸೆರಗು ಸರಿಮಾಡಿಕೊಂಡು, ನೀವು ಕೂಡ್ರಿ, ನಾ ನಿಂತ ಹೇಳ್ತೇನ್ರಿ ಅಂದಳು.

"ನಿಂತ ಹೇಳಿದ್ದು ನನ್ನ ತಲ್ಯಾಗ ಹೋಗಂಗಿಲ್ಲವ್ವ," ಅಂದೆ. "ಕೂಡು."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಆಮೇಲೆ ಸ್ವಲ್ಪ ಹಿಂದೆ ಸರಿದು, ಬೆನ್ನು ಆನಿಸಿದಳು.