ಒಂದು ಬೆರಳು ಎತ್ತಿದರೆ

ವಾದ್ಯಮೇಳದ ಮಾಸ್ತರರು ಕೇಳಿದಾಗ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಅಣ್ಣನ ಎಡಗೈಗೆ ಸಲ್ಲಬೇಕಾದ ಮರ್ಯಾದೆ ಅಂದೇ ಸಲ್ಲುತ್ತಿತ್ತು. ಆ ಕೈಯ ನಾಲ್ಕು ಬೆರಳ ತುದಿಗಳು ಒಣ ಬಟಾಣಿಯ ಹಾಗೆ ಗಟ್ಟಿಯಾಗಿದ್ದವು. ತಂತಿ ಕೊರೆದ ಗೆರೆಗಳಲ್ಲಿ ರೈಲ್ವೆ ವರ್ಕ್‌ಶಾಪಿನ ಎಣ್ಣೆಮಸಿ ಕೂತಿರುತ್ತಿತ್ತು. ಎಷ್ಟು ಸಾಬೂನು ತಿಕ್ಕಿದರೂ ಹೋಗುತ್ತಿರಲಿಲ್ಲ.

ಹುಬ್ಬಳ್ಳಿಯ ಚಾಳಿನಲ್ಲಿ ಎರಡು ಖೋಲಿಯ ಮನೆ. ಅಪ್ಪ, ಅವ್ವ ತೀರಿಕೊಂಡ ಮೇಲೆ ಅಣ್ಣ ಮತ್ತು ನಾನು ಇಬ್ಬರೇ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ವಿಲಾಯತಿಗೆ ಹೊರಟಿದ್ದ ಗಾರ್ಡ್ ಸಾಹೇಬರೊಬ್ಬರ ಸಾಮಾನು ಕಟ್ಟಲು ಅಣ್ಣ ಹೋಗಿದ್ದ. ಅವರು ತಮ್ಮ ಹಳೆಯ ಗಿಟಾರು ಮತ್ತು ಅದನ್ನು ಕಲಿಯುವ ಇಂಗ್ಲಿಷ್ ಪುಸ್ತಕವನ್ನು ಅವನ ಕೈಗಿಟ್ಟರು. ನಮಗೆ ಗೊತ್ತಿದ್ದದ್ದು ತಂಬೂರಿ. ಹಾಗೆಂದು ಅಣ್ಣ ಗಿಟಾರನ್ನೂ ತಂಬೂರಿಯ ಹಾಗೆ ಸಾ-ಪ ಸ್ವರಗಳಿಗೆ ಬಿಗಿದ. ತಂತಿ ಹರಿದು ಕೆನ್ನೆಗೆ ಬಡಿಯಿತು.

ಪಕ್ಕದ ಮನೆಯ ಕಾಕು ಬಾಗಿಲಿಗೆ ಬಂದು, "ಏನೋ ಅದು, ಸಾಹೇಬನ ತಂಬೂರಿ ಕಪಾಳಕ್ಕ ಹೊಡೀತೇನು?" ಎಂದು ನಕ್ಕಳು.

"ಕಲಸೂ ಮಾಸ್ತರ ಹೊಡೀದ ಬಿಡ್ತಾನೇನ್ರಿ ಕಾಕು?" ಎಂದ ಅಣ್ಣ, ಕೆನ್ನೆ ಉಜ್ಜಿಕೊಳ್ಳುತ್ತ.

ಪುಸ್ತಕದಲ್ಲಿ ಬೆರಳು ಇಡುವ ಜಾಗಕ್ಕೆ ಚುಕ್ಕಿ ಇದ್ದವು. ಮೇಲೆ ಬರೆದ ಇಂಗ್ಲಿಷ್ ಅಕ್ಷರಗಳ ಅರ್ಥ ಮಾತ್ರ ತಿಳಿಯಲಿಲ್ಲ. ಒಂದು ರವಿವಾರ ಅಣ್ಣ ಗಿಟಾರು ಹೆಗಲಿಗೇರಿಸಿ ಧಾರವಾಡದ ಮಾಳಮಡ್ಡಿಗೆ, ಅಲ್ಲಿನ ಪೇಟಿ ಮಾಸ್ತರರ ಮನೆಗೆ ಹೋದ. ಅವರ ಹಾರ್ಮೋನಿಯಮ್ಮಿನ ಒಂದೊಂದೇ ಪಟ್ಟಿ ಒತ್ತಿಸಿ, ಅದರ ಜೋಡಿ ಎಲ್ಲಿದೆ ಎಂದು ತಂತಿಗಳಲ್ಲಿ ಹುಡುಕಿದ. ಸಂಜೆ ಓಡುತ್ತಲೇ ಮನೆಗೆ ಬಂದ.

"ತಂಗೀ, ಸಿ ಅಂದ್ರ ಪೇಟಿಯ ಒಂದನೇ ಬಿಳೀ ಪಟ್ಟಿ, ಬಿಳೀ ಒಂದು! ಇ ಅಂದ್ರ ಬಿಳೀ ಮೂರು! ಅವ್ರು ಅಕ್ಷರ ಬರದಾರ, ನಮ್ಮವ್ರು ಪೇಟಿ ಪಟ್ಟಿ ಎಣಸ್ತಾರ. ಇಷ್ಟs!"

ನನ್ನದು ದಪ್ಪ ದನಿ. ಭಜನೆಯಲ್ಲಿ ಎಲ್ಲರೂ ಬಿಳಿ ಐದಕ್ಕೆ ಹಾಡಿದರೆ ನನ್ನ ಗಂಟಲು ಒಡೆಯುತ್ತಿತ್ತು. ನನಗೆ ಹಾಡೇ ಬರುವುದಿಲ್ಲ ಎಂದುಕೊಂಡಿದ್ದೆ. ಅಣ್ಣ ಒಪ್ಪಲಿಲ್ಲ. ಗಿಟಾರಿನಲ್ಲಿ ಒಂದೊಂದೇ ಪಟ್ಟಿ ಇಳಿಸಿಕೊಂಡು ಬಂದು ಬಿಳಿ ಮೂರಕ್ಕೆ ನಿಂತ. "ಇಲ್ಲೇ ಅದ ನೋಡು ನಿನ್ನ ಸಾ. ದನಿ ಕೆಟ್ಟಿಲ್ಲವ್ವಾ, ಮನಿ ತಪ್ಪಿತ್ತು," ಎಂದ. ಅಂದಿನಿಂದ ನಾನು ಹಾಡುವವಳಾದೆ.

ಪುಸ್ತಕದಲ್ಲಿ 'ಇ' ಪಕ್ಕದಲ್ಲೇ ಇನ್ನೊಂದು ಚಿತ್ರವಿತ್ತು. ಅದರ ಮೇಲೆ 'ಇ' ಜೊತೆ ಸಣ್ಣದೊಂದು 'ಎಮ್'. ಅದು ಯಾಕೆಂದು ಅಣ್ಣನಿಗೆ ಎಂಟು ದಿನ ಹೊಳೆಯಲಿಲ್ಲ. ಒಂಬತ್ತನೆಯ ದಿನ ರೊಟ್ಟಿ ಮುರಿಯುತ್ತಿದ್ದವನು ತಾಟು ಬಿಟ್ಟು ಎದ್ದ. ಎರಡೂ ಚಿತ್ರ ಒಂದೇ ಥರ, ಎರಡನೆಯದರಲ್ಲಿ ಒಂದು ಚುಕ್ಕಿ ಮಾತ್ರ ಇಲ್ಲ! ಮೂರು ಬೆರಳಿಟ್ಟು ಬಾರಿಸಿದ. ತೋರುಬೆರಳು ಎತ್ತಿ ಮತ್ತೆ ಬಾರಿಸಿದ. ಖೋಲಿಯ ಗಾಳಿಯೇ ಬದಲಾಯಿತು.

"ಸಾ ಅಲ್ಲೇ ಅದ, ಪಾ ಅಲ್ಲೇ ಅದ. ಗ ಅಷ್ಟs ಒಂದ ಮನಿ ಕೆಳಗ ಇಳೀತು. ಕೋಮಲ ಗಾಂಧಾರ!" ಎಂದವನ ಕಣ್ಣು ಒದ್ದೆಯಾದವು. "ಅವ್ವ ಬೀಸುವಾಗ ಹಾಡತಿದ್ಲಲ್ಲ, ಆ ಪದದ ಎರಡನೇ ಸಾಲು ಇದು."

ಹೌದು. ಅವ್ವನ ಪದದ ಮೊದಲ ಸಾಲು ನಗುವಂತಿತ್ತು, ಎರಡನೆಯದು ಅಳುವಂತೆ. ಒಂದೇ ಬೆರಳಿನ ವ್ಯತ್ಯಾಸ.

ವರ್ಕ್‌ಶಾಪಿನ ಕೆಲವರು ವಾದ್ಯಮೇಳ ಕಟ್ಟುತ್ತಿದ್ದರು. ಅದರಲ್ಲಿ ಒಂದು ಜಾಗ ಸಿಗಲೆಂಬುದು ಅಣ್ಣನ ಒಂದೇ ಆಸೆ. ಮೇಳಕ್ಕೆ ಆರಿಸಿಕೊಳ್ಳುವ ಪರೀಕ್ಷೆಯ ದಿನ ಅವ್ವನ ಪದವನ್ನೇ ಆರಿಸಿದ. ಅವನ ಗಿಟಾರು, ನನ್ನ ಹಾಡು. ನನ್ನನ್ನು ಸೊಸೆ ಮಾಡಿಕೊಳ್ಳಬೇಕೆಂದಿದ್ದ ಧಾರವಾಡದ ಹಿರಿಯ ಹೆಣ್ಣುಮಗಳೊಬ್ಬರು ನನ್ನ ಹಾಡು ಕೇಳಲು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರನ್ನೇ ನೋಡುತ್ತ ಹಾಡಿದೆ. ಪದದ ಎರಡನೆಯ ಸಾಲಿಗೆ ಅಣ್ಣ ಸರಿಯಾಗಿ ಬೆರಳು ಎತ್ತಿದ. ನಾನು ಮೊದಲ ಸಾಲಿನ ಗಾಂಧಾರವನ್ನೇ ಹಿಡಿದು ಕೂಗಿದೆ. ಎರಡೂ ಒಂದಕ್ಕೊಂದು ತಿಕ್ಕಿದವು. ಜನ ನಕ್ಕರು.

"ಯಾರ ತಪ್ಪಿದ್ರಿ?" ಎಂದರು ಮೇಳದ ಮಾಸ್ತರರು.

"ಅಣ್ಣನ ಬೆರಳ ಜಾರಿತ್ರಿ," ಎಂದೆ.

ಅಣ್ಣ ನನ್ನನ್ನು ನೋಡಿದ. ಮುಂದೆ ಕೂತಿದ್ದ ಆ ಹೆಣ್ಣುಮಗಳನ್ನು ನೋಡಿದ. "ಹೌದ್ರಿ, ಜಾರಿತು," ಎಂದ.

"ಇನ್ನೂ ಕಲತು ಬರ್ರಿ," ಎಂದರು ಅವರು. ಅಣ್ಣ ಮತ್ತೆ ಹೋಗಲಿಲ್ಲ. ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು: "ನಿನ್ನ ಸಾ ಕಡೀತನಕ ಅಲ್ಲಾಡಲಿಲ್ಲ ನೋಡು." ಬೈದಿದ್ದರೆ ಅಂದೇ ಕಾಲು ಹಿಡಿಯುತ್ತಿದ್ದೆನೇನೋ.

ಮದುವೆಯಾಗಿ ಧಾರವಾಡಕ್ಕೆ ಬಂದೆ. ನನ್ನ ಮಗಳಿಗೆ ಏಳು ತುಂಬಿದ ವರ್ಷ ಅಣ್ಣ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬಂದ, ಗಿಟಾರು ಸಮೇತ. ಪಡಸಾಲೆಯಲ್ಲಿ ಮಗಳ ಪುಟ್ಟ ಬೆರಳು ಹಿಡಿದು, ಇದು ನಗೂದು, ಇದು ಅಳೂದು ಎಂದು ತೋರಿಸುತ್ತಿದ್ದ. ನಾನು ಒಳಗೆ ಹಬ್ಬದ ಉಂಡಿ ಕಟ್ಟುತ್ತಿದ್ದೆ.

"ಮಾಮಾ, ಇಷ್ಟ ಛಲೋ ಬಾರಸ್ತಿ, ಮ್ಯಾಳದಾಗ ಯಾಕ ಸೇರಲಿಲ್ಲ?"

"ಒಮ್ಮೆ ಬೆರಳ ಜಾರಿತವ್ವಾ."

"ನಾನೂ ಇದ್ನಲ್ಲ ಅಲ್ಲೆ," ಎಂದರು ಅತ್ತೆ. "ತಂಗಿ ಎಷ್ಟ ಛಂದ ಹಾಡಾಕತ್ತಿದ್ಲು, ನೀ ಕೆಡಿಸಿದಿ ನೋಡಪಾ."

"ಖರೇ ಅದರಿ," ಎಂದು ಅಣ್ಣ ನಕ್ಕ.

ಉಂಡಿಯ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು ಅವನ ಮುಂದೆ ಕೂತೆ.

"ಬೆರಳ ಜಾರಿಲ್ರಿ ಅತ್ತಿ. ಅಂವಾ ಎತ್ತಬೇಕಾದಲ್ಲೇ ಎತ್ತಿದ್ದ. ತಪ್ಪಿದಾಕಿ ನಾನು, ಸುಳ್ಳ ಹೇಳಿದಾಕೀನೂ ನಾನs. ಅಣ್ಣಾ, ನನ್ನ ಸಾ ಹುಡುಕಿಕೊಟ್ಟಾಂವ ನೀನು, ನಿನ್ನ ಹೆಸರ ಕೆಡಿಸಿದೆ. ತಪ್ಪಾತು."